ಯಾಮಿನಿ ಮತ್ತು ಗಯಾನಾದ ಮೇಷ್ಟ್ರು

ಯಾಮಿನಿಗೆ ಕಾಗದದ ಮೇಲೆ ಬರೆದದ್ದೆಂದರೆ ಮುಗಿಯಿತು, ಅದೇ ವೇದವಾಕ್ಯ. ಹುಟ್ಟಿನಿಂದ ಅವಳು ಹಾಗಿರಲಿಲ್ಲ. ನಂಜನಗೂಡಿನ ಹೆಣ್ಣುಮಗಳು, ಮೈಸೂರಿನಲ್ಲಿ ನರ್ಸಿಂಗ್ ಓದಿದವಳು, ಗಂಡ ಅನಂತ್‌ನ ಕಂಪ್ಯೂಟರ್ ಕೆಲಸದ ಬೆನ್ನು ಹಿಡಿದು ಹದಿನಾಲ್ಕು ವರ್ಷದ ಹಿಂದೆ ನ್ಯೂಜಿಲೆಂಡಿಗೆ ಬಂದವಳು. ಬಂದ ಹೊಸದರಲ್ಲಿ ಇಲ್ಲಿನ ನರ್ಸ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಕೂದಲೆಳೆಯಲ್ಲಿ ಫೇಲಾದಳು. ರೋಗಿಗೆ ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಅವರು ಕೇಳಿದ ಹಾಗೆ ಬರೆಯಲು ಗೊತ್ತಿರಲಿಲ್ಲ. ಈ ದೇಶದಲ್ಲಿ ಕೈಗಿಂತ ಕಾಗದ ದೊಡ್ಡದು ಎಂಬ ಪಾಠ ಆಗ ಕಲಿತದ್ದು. ಆಮೇಲೆ ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನ ಒಂದು ರೆಸ್ಟ್ ಹೋಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್‌ಗಿವರ್ ಆಗಿ ಸೇರಿದಳು.

ಅಲ್ಲಿ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಫೈಲು ಇರುತ್ತಿತ್ತು. ಯಾರಿಗೆ ಯಾವ ಮಾತ್ರೆ, ಯಾರ ಯಾವ ಮಂಡಿ ನೋವು, ಯಾರ ಚಹಾಕ್ಕೆ ಸಕ್ಕರೆ ಕೂಡದು, ಎಲ್ಲ ಅದರಲ್ಲಿ. ಯಾಮಿನಿ ಅದನ್ನು ಗಟ್ಟಿ ಮಾಡಿಟ್ಟುಕೊಂಡಿದ್ದಳು. ಹನ್ನೆರಡನೇ ಕೋಣೆಯ ಜೋಸೆಫ್ ಪರ್ಸಾದ್ ಅವರ ಫೈಲಿನಲ್ಲಿ ಧರ್ಮದ ಖಾನೆಯಲ್ಲಿ 'ಆಂಗ್ಲಿಕನ್' ಎಂದಿತ್ತು, ಕೆಳಗೆ 'ಭಾನುವಾರದ ಪ್ರಾರ್ಥನೆಗೆ ಕರೆದೊಯ್ಯುವುದು' ಎಂದಿತ್ತು. ಇನ್ನು ಕೇಳಬೇಕೆ? ಭಾನುವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಅವರ ತಲೆ ಬಾಚಿ, ಕಾರ್ಡಿಗನ್ ತೊಡಿಸಿ, ಗಾಲಿಕುರ್ಚಿಯನ್ನು ಹಜಾರಕ್ಕೆ ತಳ್ಳಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ನಿಲ್ಲಿಸುವಳು. ಹಾಡಿನ ಪುಸ್ತಕವನ್ನು ಸರಿಯಾದ ಪುಟಕ್ಕೆ ತೆರೆದು ತೊಡೆಯ ಮೇಲಿಡುವಳು. ಒಂದು ವರ್ಷ ಪೂರ್ತಿ, ಒಂದು ವಾರವೂ ತಪ್ಪದೆ. ಅವರ ಮುಖ ಬಾಡಿದ್ದರೆ ಮಂಡಿ ನೋವಿರಬೇಕೆಂದುಕೊಂಡು ಮುಲಾಮು ಹಚ್ಚುವಳು.

ಅವರಿಗೆ ಎಂಬತ್ತೆಂಟು ವರ್ಷ. ಆ ಊರಿನ ಹೈಸ್ಕೂಲಿನಲ್ಲೇ ಬಹಳ ಕಾಲ ಗಣಿತ ಕಲಿಸಿದವರು. ಉಳಿದವರೆಲ್ಲ ಅವರನ್ನು 'ಜೋ' ಎಂದೇ ಕರೆಯುತ್ತಿದ್ದರು, ಇಲ್ಲಿ ಅದೇ ಮರ್ಯಾದೆ. ಯಾಮಿನಿಯ ನಾಲಿಗೆ ಮಾತ್ರ ಹೊರಳಲಿಲ್ಲ. ಅಜ್ಜನ ವಯಸ್ಸಿನವರನ್ನು ಜೋ ಎನ್ನುವುದೆಂದರೇನು? ಎದುರಿಗೆ 'ಸರ್' ಎನ್ನುತ್ತಿದ್ದಳು, ಮನೆಗೆ ಹೋಗಿ ಹೇಳುವಾಗ 'ನಮ್ಮ ಮೇಷ್ಟ್ರು'. ಮೈಬಣ್ಣ ತನ್ನದೇ ಬಣ್ಣವಾಗಿದ್ದರಿಂದ ಮೊದಲ ದಿನವೇ ಇಂಡಿಯಾದವರೇ ಎಂದು ಕೇಳಿದ್ದಳು. "ಅಲ್ಲ, ಗಯಾನಾ. ದಕ್ಷಿಣ ಅಮೆರಿಕದಲ್ಲಿದೆ" ಎಂದಿದ್ದರು. ಅವಳ ಶಾಲೆಯ ನಕಾಶೆಯಲ್ಲಿ ದಕ್ಷಿಣ ಅಮೆರಿಕವೆಂದರೆ ಬ್ರೆಜಿಲ್, ಉಳಿದದ್ದು ಬರೀ ಹಸಿರು. ಅಲ್ಲಿಗೆ ವಿಚಾರ ಬಿಟ್ಟಿದ್ದಳು.

ಇಲ್ಲಿ ಚಳಿಗಾಲವಾದ ಜೂನ್ ತಿಂಗಳ ಒಂದು ಬೆಳಗ್ಗೆ, ದಕ್ಷಿಣದ ಚಳಿಗಾಳಿ ಕಿಟಕಿಗಳನ್ನು ಗದಗುಟ್ಟಿಸುತ್ತಿದ್ದಾಗ, ಅವಳು ಮೇಷ್ಟ್ರಿಗೆ ಸ್ನಾನ ಮಾಡಿಸುತ್ತಿದ್ದಳು. ಶವರ್ ಕೆಟ್ಟಿದ್ದರಿಂದ ಅಂದು ಜಗ್ಗಿನಲ್ಲಿ ಬಿಸಿನೀರು ತುಂಬಿ ಹೆಗಲ ಮೇಲೆ ಹೊಯ್ದಳು. ಮುದುಕರು ಕಣ್ಣು ಮುಚ್ಚಿ ಏನೋ ಗೊಣಗಿದರು. ಬಿಸಿ ಹೆಚ್ಚಾಯಿತೇನೋ ಎಂದು ಬಗ್ಗಿ ಕಿವಿಗೊಟ್ಟರೆ, ಅವರು ನದಿಗಳ ಹೆಸರು ಹೇಳುತ್ತಿದ್ದರು. ಗಂಗೆ, ಯಮುನೆ, ಗೋದಾವರಿ. ಕೊನೆಗೆ ಕಾವೇರಿ. ಯಾಮಿನಿಯ ಕೈಯಲ್ಲಿ ಜಗ್ಗು ನಿಂತಲ್ಲೇ ನಿಂತಿತು. ಅವಳ ಅಜ್ಜಿ ನಂಜನಗೂಡಿನ ಬಚ್ಚಲಲ್ಲಿ ಮೊದಲ ಚೊಂಬು ಹೊಯ್ದುಕೊಳ್ಳುವಾಗ ಹೇಳುತ್ತಿದ್ದುದೂ ಇದನ್ನೇ.

"ಸರ್, ಈಗೇನು ಹೇಳಿದ್ರಿ?"

"ಏನಿಲ್ಲ. ಸೋಪು ಕಣ್ಣಿಗೆ ಹೋಯ್ತು."

"ನಾನಿನ್ನೂ ಸೋಪೇ ಹಚ್ಚಿಲ್ಲ. ಕಾವೇರಿ ಅಂದ್ರಿ. ನಾನು ಆ ಕಡೆಯವಳು."

ಮೇಷ್ಟ್ರು ಕಣ್ಣು ಬಿಟ್ಟರು. "ಅದು ನಿಜವಾಗ್ಲೂ ಇರೋ ನದಿಯಾ?" ಎಂದು ಕೇಳಿದರು.

"ಇದೆ ಸರ್. ನಮ್ಮೂರಿನ ಹೊಳೆ ಹೋಗಿ ಸೇರೋದು ಅದಕ್ಕೇನೇ. ಬೇಸಿಗೇಲಿ ಎಷ್ಟೋ ಕಡೆ ಮೊಣಕಾಲುದ್ದ ನೀರು, ನಡ್ಕೊಂಡೇ ದಾಟಬಹುದು."

"ಅಮ್ಮ ಹೇಳಿಕೊಟ್ಟಿದ್ದು. ನಾನು ಅದೆಲ್ಲ ಬರೀ ಹೆಸರು ಅಂದ್ಕೊಂಡಿದ್ದೆ" ಎಂದು ಮುದುಕರು ನಕ್ಕರು. ನಗುತ್ತ ನಗುತ್ತಲೇ ಅಳತೊಡಗಿದರು. ಒದ್ದೆ ಮೈಯಲ್ಲಿ ಅಳುವವರನ್ನು ಚಳಿಗೆ ಬಿಡಲಾದೀತೆ? ಯಾಮಿನಿ ಬೇಗಬೇಗ ಒರೆಸಿ, ಟವೆಲ್ಲು ಸುತ್ತಿ, ಹೀಟರಿನ ಮುಂದೆ ಕೂರಿಸಿದಳು. ಅಲ್ಲಿ ಕೂತು ಅವರು ಎಲ್ಲವನ್ನೂ ಹೇಳಿದರು.

ಅವರ ಮುತ್ತಜ್ಜಿ ಕಬ್ಬಿನ ತೋಟದ ಕೂಲಿಗೆಂದು ಇಂಡಿಯಾದಿಂದ ಹಡಗು ಹತ್ತಿ ಗಯಾನಾಕ್ಕೆ ಹೋದವಳಂತೆ. ಸುತ್ತ ಹಲವು ಜಾತಿಯ, ಹಲವು ದೇವರ ಜನ, ನಡುವೆ ಇವರದೂ ಒಂದು ಗುಂಪು. ಅಲ್ಲಿನ ಹಿಂದೂಗಳು ಮನೆಯಲ್ಲಿ ಪೂಜೆ ಮಾಡಿಸಿದಾಗಲೆಲ್ಲ ಅಂಗಳದಲ್ಲಿ ಒಂದು ಬಿದಿರು ನೆಟ್ಟು ಬಣ್ಣದ ಬಾವುಟ ಕಟ್ಟುತ್ತಾರೆ. ದಾರಿಯಲ್ಲಿ ಹೋಗುವವರಿಗೆ ಇದು ಯಾರ ಮನೆ ಎಂದು ಅದರಿಂದಲೇ ಗೊತ್ತಾಗುತ್ತದೆ. ಮೇಷ್ಟ್ರ ನಿಜವಾದ ಹೆಸರು ಜೋಖನ್. ಲೆಕ್ಕದಲ್ಲಿ ಬುದ್ಧಿವಂತ. ಊರಿನಲ್ಲಿದ್ದ ಒಂದೇ ಶಾಲೆ ಚರ್ಚಿನದು, ಅದರ ಮ್ಯಾನೇಜರ್ ಪಾದ್ರಿ. ಉಪಾಧ್ಯಾಯನ ಕೆಲಸ ಬೇಕಾದರೆ ದೀಕ್ಷಾಸ್ನಾನ ಮಾಡಿಸಿಕೊಂಡು ಬಾ ಎಂದರು. ಅಪ್ಪ ಸತ್ತಿದ್ದ, ಹಿಂದೆ ಐದು ಮಂದಿ ತಮ್ಮ ತಂಗಿಯರು. ಇಪ್ಪತ್ತು ವರ್ಷದ ಜೋಖನ್ ಒಂದು ಬೆಳಗ್ಗೆ ಹೋಗಿ ಜೋಸೆಫ್ ಆಗಿ ಬಂದ.

"ಅಮ್ಮ ಬಯ್ಯಲಿಲ್ಲ. ಹೊಟ್ಟೆಪಾಡು, ದೇವರಿಗೆ ಗೊತ್ತಾಗುತ್ತೆ ಅಂದಳು. ಆದ್ರೆ ಪೂಜೆ ದಿನ ನಾನು ಆ ಅಂಗಳಕ್ಕೆ ಕಾಲಿಡೋ ಹಾಗಿರ್ಲಿಲ್ಲ. ಯಾರಾದ್ರೂ ನೋಡಿ ಹೇಳಿದ್ರೆ ಕೆಲಸ ಹೋಗ್ತಿತ್ತು."

ಮುಂದೆ ಹೆಡ್ಮಾಸ್ತರರ ಮಗಳು ಎವೆಲಿನ್‌ಳನ್ನು ಮದುವೆಯಾದರು. ಅವಳು ಮನಸಾರೆ ನಂಬಿದ ಕ್ರಿಶ್ಚಿಯನ್, ಒಳ್ಳೆಯವಳು, ಅವಳ ಮೇಲಿನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ ಎಂದು ಎರಡೆರಡು ಸಲ ಹೇಳಿದರು. ಅಮ್ಮ ಸತ್ತಾಗ ಅವರು ಹಿರಿಯ ಮಗ. ಆದರೂ ಕೋಟು ತೊಟ್ಟು ಉಳಿದ ಮೇಷ್ಟ್ರುಗಳ ಜೊತೆ ರಸ್ತೆಯಲ್ಲೇ ನಿಂತರು. ಬೆಂಕಿ ಇಟ್ಟದ್ದು ತಮ್ಮ. ಕೆಲವು ವರ್ಷಕ್ಕೆ ಶಾಲೆಗಳು ಸರ್ಕಾರದ ಕೈಗೆ ಬಂದವು, ಹೆದರಿಕೆಗೆ ಕಾರಣವಿರಲಿಲ್ಲ. ಆದರೆ ಅಷ್ಟರಲ್ಲಿ ಆ ಸುಳ್ಳು ಮನೆಮಗನ ಹಾಗೆ ಬೆಳೆದು ನಿಂತಿತ್ತು. ಮಗಳು ರೂತ್ ಚರ್ಚಿನಲ್ಲೇ ಬೆಳೆದಳು. ನ್ಯೂಜಿಲೆಂಡಿಗೆ ಬಂದರು. ಎವೆಲಿನ್ ಸತ್ತು ಆರು ವರ್ಷವಾಯಿತು. ಈ ಮಾತು ಯಾರ ಹತ್ತಿರವೂ ಆಡಿರಲಿಲ್ಲ.

"ನಮ್ಮಮ್ಮನಿಗೆ ಒಂದು ಬೊಗಸೆ ನೀರು ಬಿಟ್ಟಿಲ್ಲ ನಾನು, ಬೇಟಿ" ಎಂದರು. ಮಗಳೇ ಎನ್ನುವ ಆ ಒಂದು ಹಿಂದಿ ಮಾತು ಅವರ ಇಂಗ್ಲಿಷಿನೊಳಗೆ ಎಲ್ಲಿ ಅಡಗಿ ಕೂತಿತ್ತೋ. "ಬೇರೆ ಏನೂ ಬೇಡ. ಅದೊಂದು ಮಾಡಿ ಸಾಯ್ಬೇಕು."

ಯಾಮಿನಿಗೆ ನಾಚಿಕೆಯಾಯಿತು. "ಒಂದು ವರ್ಷ ನಿಮ್ಮನ್ನ ಮುಂದಿನ ಸಾಲಲ್ಲಿ ಕೂರಿಸಿದ್ನಲ್ಲ ಸರ್. ಒಂದು ಮಾತು ಹೇಳ್ಬಾರ್ದಿತ್ತಾ?"

"ಅಷ್ಟು ಶ್ರದ್ಧೆಯಿಂದ ತಳ್ಕೊಂಡು ಹೋಗ್ತಿದ್ದೆ. ನೀನೇ ದೊಡ್ಡ ಕ್ರಿಶ್ಚಿಯನ್ ಅಂದ್ಕೊಂಡಿದ್ದೆ."

ಅವರದೂ ತಪ್ಪಲ್ಲ. ಕೆಲಸದ ಹೊತ್ತಿನಲ್ಲಿ ಮೊಣಕೈ ಕೆಳಗೆ ಏನೂ ತೊಡಬಾರದೆಂಬ ನಿಯಮವಿದ್ದುದರಿಂದ ಕೈಯಲ್ಲಿ ಬಳೆಯಿಲ್ಲ, ಮಾಸ್ಕಿನ ಕಾಲದಲ್ಲಿ ಬಿಟ್ಟ ಕುಂಕುಮ ಹಣೆಗೆ ಮತ್ತೆ ಬಂದಿರಲಿಲ್ಲ. ಒಬ್ಬರಿಗೊಬ್ಬರು ಉಪಕಾರ ಮಾಡುತ್ತಿದ್ದೇವೆಂದುಕೊಂಡು ಇಬ್ಬರೂ ಐವತ್ತೆರಡು ಭಾನುವಾರ ಹಾಡು ಕೇಳಿದ್ದರು.

ಆ ಸಂಜೆಯೇ ಯಾಮಿನಿ ಚಂದ್ರಮೌಳಿಯವರಿಗೆ ಫೋನ್ ಮಾಡಿದಳು. ಚಂದ್ರಮೌಳಿ ಮೈಸೂರಿನವರು, ವಾರದಲ್ಲಿ ಐದು ದಿನ ಇಂಜಿನಿಯರ್, ಶನಿವಾರ ಭಾನುವಾರ ಪುರೋಹಿತರು. ಇಲ್ಲಿನ ರೈತರು ಕುರಿ, ನಾಯಿ, ಹುಲ್ಲಿನ ಪೆಂಡಿ ಎಲ್ಲ ಹೇರುವ ಯೂಟ್ ಗಾಡಿಯ ಹಿಂಬದಿಯಲ್ಲಿ ಹೋಮಕುಂಡ ಇಟ್ಟುಕೊಂಡು ವೆಲ್ಲಿಂಗ್ಟನ್ ಸುತ್ತಮುತ್ತ ಓಡಾಡುವವರು. ಮಾತು ಸ್ವಲ್ಪ ಒರಟು.

"ಅಂಕಲ್, ಒಬ್ರಿಗೆ ತರ್ಪಣ ಮಾಡಿಸ್ಬೇಕು. ಜನಿವಾರ ಇಲ್ಲ, ಗೋತ್ರ ಗೊತ್ತಿಲ್ಲ, ಬ್ಯಾಪ್ಟಿಸಮ್ ಬೇರೆ ಆಗಿದೆ."

"ಅವ್ರಿಗೆ ಅಮ್ಮ ಇದ್ರು ತಾನೆ?"

"ಇದ್ರು."

"ಮತ್ತಿನ್ನೇನು. ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಗೋತ್ರ, ದೊಡ್ಡೋರು ಅದಕ್ಕೂ ದಾರಿ ಇಟ್ಟಿದಾರೆ. ಸೆಪ್ಟೆಂಬರಲ್ಲಿ ಮಹಾಲಯ ಅಮಾವಾಸ್ಯೆ ಭಾನುವಾರವೇ ಬಿದ್ದಿದೆ. ಬರ್ತೀನಿ. ಆದ್ರೆ ನೋಡಮ್ಮ, ಮೊದ್ಲು ಅಲ್ಲಿಯೋರನ್ನ ಒಪ್ಸು. ನಾನು ಯಾರ ಮನೆಗೂ ಹಿಂಬಾಗಿಲಿಂದ ಬರೋನಲ್ಲ."

ಸರಿ, ಯಾಮಿನಿ ಮ್ಯಾನೇಜರ್ ಡಯಾನ್ ಹತ್ತಿರ ಹೋದಳು. ಡಯಾನ್ ಕೆಟ್ಟ ಹೆಂಗಸಲ್ಲ, ಆದರೆ ಅವಳೂ ಕಾಗದದ ಭಕ್ತೆಯೇ. ಫೈಲು ತೆಗೆದು ನೋಡಿದಳು. "ಇಲ್ಲಿ ಆಂಗ್ಲಿಕನ್ ಅಂತಿದೆ. ಕೇರ್‌ಗಿವರ್ ಹೇಳಿದ್ಲು ಅಂತ ನಾನು ಅಳಿಸೋಕಾಗಲ್ಲ. ಹೋದ ವರ್ಷ ಒಬ್ಬಳು ಕೇರ್‌ಗಿವರ್ ತನ್ನ ಸಭೆಯ ಪಾದ್ರಿಯನ್ನ ಕರ್ಕೊಂಡು ಬಂದು ಎಷ್ಟು ರಂಪ ಆಯ್ತು, ನಿನಗೂ ಗೊತ್ತು. ಜೋ ತಾವೇ ಬಾಯಿಬಿಟ್ಟು ಹೇಳಲಿ, ಈಗಲೇ ಬದಲಾಯಿಸ್ತೀನಿ, ಯಾವ ಪೂಜಾರಿ ಬೇಕಾದ್ರೂ ಬರಲಿ." ಇದರಲ್ಲಿ ತಪ್ಪೇನು ಹುಡುಕುವುದು? ಇಬ್ಬರೂ ಹನ್ನೆರಡನೇ ಕೋಣೆಗೆ ಹೋದರು. ಡಯಾನ್ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪೆನ್ನು ತೆಗೆದು ಕೇಳಿದಳು. "ಜೋ, ಧರ್ಮ ಆಂಗ್ಲಿಕನ್ ಅಂತ ಬರ್ದಿದೆ. ಏನಾದ್ರೂ ಬದಲಾಯಿಸ್ಬೇಕಾ?"

ಮುದುಕರು ಫೈಲು ನೋಡಿದರು, ಪೆನ್ನು ನೋಡಿದರು. ಬೆನ್ನು ನೆಟ್ಟಗಾಯಿತು. "ಬದಲಾವಣೆ ಏನಿಲ್ಲ, ಥ್ಯಾಂಕ್ಯೂ" ಎಂದರು.

ಡಯಾನ್ ಯಾಮಿನಿಯನ್ನು ಒಮ್ಮೆ ನೋಡಿ ಎದ್ದು ಹೋದಳು. ಆ ನೋಟಕ್ಕೆ ಯಾಮಿನಿ ನೆಲಕ್ಕೆ ಇಳಿದುಹೋದಳು. ಎರಡು ದಿನ ಮೇಷ್ಟ್ರ ಜೊತೆ ಮಾತೇ ಇಲ್ಲ. ಸ್ನಾನ ಮಾಡಿಸಿದಳು, ಊಟ ಕೊಟ್ಟಳು, ಮುಖ ಮಾತ್ರ ಊದಿಸಿಕೊಂಡೇ ಇದ್ದಳು. ಮನೆಯಲ್ಲಿ ಗಂಡನ ಮುಂದೆ ಸಿಟ್ಟು ಕಾರಿದಳು. "ಇವ್ರಿಗೇನು ಬಂದಿತ್ತು ದೊಡ್ಡ ರೋಗ? ಒಂದು ಮಾತು ಹೇಳೋಕೆ ಆಗ್ಲಿಲ್ವಾ? ನನ್ನ ಮಾನ ಕಳೆದ್ರು."

ಅನಂತ್ ಊಟ ಮಾಡುತ್ತ ಹೇಳಿದ. "ಅರವತ್ತೆಂಟು ವರ್ಷದ ಭಯ ಕಣೆ. ನೀನು ಒಂದು ವಾರದಲ್ಲಿ ಬಿಡಿಸೋಕೆ ಹೊರಟಿದೀಯ." ಸದಾ ಕಂಪ್ಯೂಟರಿಗೆ ಅಂಟಿಕೊಂಡಿರುವ ಮನುಷ್ಯ ಅಪರೂಪಕ್ಕೊಮ್ಮೆ ಇಂಥ ಮಾತಾಡುತ್ತಾನೆ. ಅವಳ ಸಿಟ್ಟು ಅಲ್ಲಿಗೆ ಇಳಿಯಿತು.

ಮೂರನೇ ದಿನ ಮೇಷ್ಟ್ರೇ ಮಾತು ತೆಗೆದರು. "ಫೈಲು ಪೆನ್ನು ಕಂಡ ಕೂಡಲೆ ಆ ಸ್ಕೂಲ್ ಮ್ಯಾನೇಜರೇ ಎದುರಿಗೆ ಬಂದು ನಿಂತ ಹಾಗಾಯ್ತು. ಆಮೇಲೆ ರೂತ್ ಇದಾಳೆ. ಅವಳಿಗೆ ಹೇಗೆ ಹೇಳಲಿ?" ಮತ್ತೆ ಪುಟ್ಟ ಮಕ್ಕಳು ಕೇಳುವ ಹಾಗೆ, "ಒಂದು ಬಾವುಟವಾದ್ರೂ ತಂದುಕೊಡ್ತೀಯಾ? ಕೆಂಪು ಹನುಮಂತನಿಗೆ, ಹಳದಿ ದುರ್ಗೆಗೆ. ಅಮ್ಮ ಅವೆರಡನ್ನೇ ಕಟ್ತಿದ್ದಿದ್ದು" ಎಂದರು.

ಕನ್ನಡಿಗರ ಮನೆಯಲ್ಲಿ ಕೆಂಪು ಹಳದಿ ಬಾವುಟ ಹುಡುಕಿದರೆ ಏನು ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗ್ಯಾರೇಜಿನ ಪೆಟ್ಟಿಗೆಯಲ್ಲಿ ಹೋದ ನವೆಂಬರಿನ ರಾಜ್ಯೋತ್ಸವದ್ದೊಂದು ಬಟ್ಟೆಯ ಬಾವುಟ ಕಡ್ಡಿ ಸಮೇತ ಉಳಿದಿತ್ತು. ಯಾಮಿನಿ ಅದನ್ನೇ ಇಸ್ತ್ರಿ ಮಾಡಿ ಒಯ್ದಳು. ಮುಚ್ಚುಮರೆಯಿಲ್ಲದೆ, ಇದು ನಮ್ಮ ನಾಡಿನ ಬಾವುಟ, ಬಣ್ಣ ಸರಿಯಿದೆ ಅಂತ ತಂದೆ, ಬೇಡವಾದರೆ ಬೇರೆ ಹೊಲಿಯುತ್ತೇನೆ ಎಂದಳು. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎರಡೂ ಒಂದರಲ್ಲೇ ಇದೆ. ಬಟ್ಟೆ ಉಳಿಸೋ ಜನ ನಿಮ್ಮವರು" ಎಂದು ಮೆಚ್ಚಿಕೊಂಡರು. ಕಿಟಕಿಯ ಜೆರೇನಿಯಂ ಕುಂಡದಲ್ಲಿ ಅದು ನಿಂತಿತು.

ಆಗಸ್ಟ್ ಕೊನೆಯ ವಾರ ರೂತ್ ಬಂದಳು. ಅವಳಿರುವುದು ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ನಲ್ಲಿ, ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ. ಐವತ್ತೇಳು ವರ್ಷದ ಗಟ್ಟಿ ಹೆಂಗಸು. ಭಾನುವಾರ ಬೆಳಗ್ಗೆ ತಮ್ಮ ಚರ್ಚಿನಲ್ಲಿ ಬೈಬಲ್ ಓದುವವಳು, ಸಂಜೆ ಅಪ್ಪನಿಗೆ ಫೋನ್ ಮಾಡಿ ಜೊತೆಗೆ ಪ್ರಾರ್ಥನೆ ಹೇಳುವವಳು. ಬಂದವಳ ಕಣ್ಣು ಮೊದಲು ಬಿದ್ದದ್ದೇ ಕುಂಡದ ಮೇಲೆ. "ಡ್ಯಾಡ್, ಏನಿದು?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದ ಯಾಮಿನಿ ಅದನ್ನು ನೋಡಲಾರದೆ ಬಾಯಿ ಹಾಕಿದಳು. "ಅದು ನಂದು. ನಮ್ಮ ಕರ್ನಾಟಕದ ಬಾವುಟ. ಸರ್‌ಗೆ ಬಣ್ಣ ಇಷ್ಟ ಆಯ್ತು ಅಂತ ಇಟ್ಟೆ."

ಒಂದಕ್ಷರವೂ ಸುಳ್ಳಲ್ಲ. "ಓ, ಚೆನ್ನಾಗಿದೆ" ಎಂದು ರೂತ್ ಕೋಟು ಕಳಚಿ ಕುರ್ಚಿಗೆ ಹಾಕಿದಳು. ಗಂಡಾಂತರ ಕಳೆಯಿತು ಎಂದು ಯಾಮಿನಿ ಉಸಿರು ಬಿಟ್ಟಳು. ಮೇಷ್ಟ್ರ ಕಡೆ ತಿರುಗಿದರೆ ಅವರ ಮುಖದಲ್ಲಿ ಸಮಾಧಾನವೇ ಇಲ್ಲ. ಕುರ್ಚಿಯ ಕೈ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು, ತರಗತಿಯಲ್ಲಿ ಗಲಾಟೆ ನಿಲ್ಲಿಸುವವರ ಹಾಗೆ.

"ಉತ್ತರ ತಪ್ಪು" ಎಂದರು. "ಅವಳು ನನ್ನನ್ನ ಕಾಪಾಡೋಕೆ ಹೇಳ್ತಿದಾಳೆ, ರೂತ್. ನಾನೂ ಇಷ್ಟು ವರ್ಷ ಹೀಗೇ ಮಾಡಿದೆ. ಸುಳ್ಳಲ್ಲದ ಮಾತು ಹೇಳಿ ಹೇಳಿಯೇ ನಿಮಗೆಲ್ಲ ಮೋಸ ಮಾಡಿದೆ. ಕೂತ್ಕೋ."

ಯಾಮಿನಿ ಹೊರಗೆ ಹೋಗಲು ನೋಡಿದಳು, ಇರು ಎಂದರು. ಜೋಖನ್‌ನಿಂದ ಹಿಡಿದು ಅಮ್ಮನ ಚಿತೆಯವರೆಗೆ, ರಸ್ತೆಯಲ್ಲಿ ಕೋಟು ತೊಟ್ಟು ನಿಂತದ್ದರವರೆಗೆ ಎಲ್ಲವನ್ನೂ ಹೇಳಿದರು. ಮುಗಿದ ಮೇಲೆ ರೂತ್ ಕೇಳಿದ್ದು ಒಂದೇ ಪ್ರಶ್ನೆ.

"ಮಮ್‌ಗೆ ಗೊತ್ತಿತ್ತಾ?"

"ಇಲ್ಲ."

ರೂತ್ ಎದ್ದು, ಕೋಟು ತೆಗೆದುಕೊಂಡು ಹೊರಗೆ ಹೋದಳು. ಅರ್ಧ ಗಂಟೆ ಬಿಟ್ಟು ಯಾಮಿನಿ ಎರಡು ಕಪ್ ಚಹಾ ಹಿಡಿದು ಹುಡುಕಿಕೊಂಡು ಹೋದಾಗ, ಅವಳು ಕಾರ್ ನಿಲ್ಲಿಸುವ ಕಡೆ ಬೆಂಚಿನ ಮೇಲೆ ಗಾಳಿಗೆ ಮುಖವೊಡ್ಡಿ ಕೂತಿದ್ದಳು. ಬೈಸಿಕೊಳ್ಳಲು ತಯಾರಾಗಿಯೇ ಯಾಮಿನಿ ಪಕ್ಕದಲ್ಲಿ ಕೂತಳು.

"ಅವರು ಯಾವ ದೇವರನ್ನ ಬೇಕಾದ್ರೂ ನಂಬಲಿ. ಅದಲ್ಲ" ಎಂದಳು ರೂತ್. "ಮಮ್ ಸಾಯೋವಾಗ ಡ್ಯಾಡ್ ಕೈ ಹಿಡ್ಕೊಂಡು, ಮುಂದೆ ಎಲ್ಲರೂ ಮತ್ತೆ ಸೇರ್ತೀವಿ ಅಂತ ಹೇಳಿ ಕಣ್ಮುಚ್ಚಿದ್ರು. ಗೋರಿ ಪಕ್ಕದಲ್ಲಿ ಇವರಿಗೆ ಅಂತ ಜಾಗ ಬಿಡ್ಸಿದೀವಿ. ಈಗ ಇವರು ತಮ್ಮ ಅಮ್ಮನ ಹಿಂದೆ ಹೊರಟುಬಿಟ್ರೆ ನನ್ನ ಅಮ್ಮ ಅಲ್ಲಿ ಒಬ್ಬಳೇ ಆಗೋಗ್ತಾಳೆ."

ಇದಕ್ಕೆ ಏನು ಹೇಳುವುದು? ಮೈಸೂರಿನ ನರ್ಸಿಂಗ್ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ, ಇಲ್ಲಿನ ಟ್ರೇನಿಂಗಿನಲ್ಲೂ ಇರಲಿಲ್ಲ. ಯಾಮಿನಿಗೆ ತನ್ನ ಅಮ್ಮನ ನೆನಪಾಯಿತು. "ನಂಗೆ ಗೊತ್ತಿಲ್ಲ" ಎಂದಳು. "ಆದ್ರೆ ನಿಮ್ಮಪ್ಪ ತಮಗೆ ಅಂತ ಏನೂ ಕೇಳ್ತಿಲ್ಲ. ಅವರಮ್ಮನಿಗೆ ಸ್ವಲ್ಪ ನೀರು ಬಿಡ್ಬೇಕು ಅಂತಿದಾರೆ, ಅಷ್ಟೇ. ಚಹಾ ಆರತ್ತೆ, ಕುಡೀರಿ."

ರೂತ್ ಚಹಾ ಕುಡಿದಳು. ಅವತ್ತು ಮತ್ತೆ ಅಪ್ಪನ ಕೋಣೆಗೆ ಹೋಗಲಿಲ್ಲ. ಮರುದಿನ ಬೆಳಗ್ಗೆ ಬಂದವಳು ನೇರವಾಗಿ ಡಯಾನ್‌ಳನ್ನು ಫೈಲಿನ ಸಮೇತ ಕರೆದುಕೊಂಡು ಬಂದು, ತಾನು ಅಪ್ಪನ ಕುರ್ಚಿಯ ಹಿಂದೆ ನಿಂತಳು. ಡಯಾನ್ ಹಳೆಯ ಪ್ರಶ್ನೆಯನ್ನೇ ಕೇಳಿದಳು. ಮೇಷ್ಟ್ರು "ಹಿಂದೂ" ಎಂದದ್ದು ಯಾರಿಗೂ ಕೇಳಲಿಲ್ಲ. "ಇನ್ನೊಂದು ಸಲ ಹೇಳ್ತೀರಾ, ಜೋ?" ಎಂದಾಗ ಹೇಳಿದ್ದು ಮಾತ್ರ ಹೊರಗೆ ಓಣಿಯಲ್ಲಿ ಊಟದ ಗಾಡಿ ತಳ್ಳುತ್ತಿದ್ದವಳೂ ತಿರುಗಿ ನೋಡುವಷ್ಟು ಜೋರಾಗಿತ್ತು. ಡಯಾನ್ ಒಂದು ಗೀಟು ಹಾಕಿ ಪಕ್ಕದಲ್ಲಿ ಬರೆದಳು. ಎರಡು ಸೆಕೆಂಡಿನ ಕೆಲಸ.

"ಆ ಭಾನುವಾರ ಬರ್ತೀನಿ, ಡ್ಯಾಡ್" ಎಂದಳು ರೂತ್, ಹೊರಡುವಾಗ. "ಸುಮ್ನೆ ಕೂತಿರ್ತೀನಿ. ಸೇರ್ಕೊಳ್ಳೋಕೆ ನನ್ನಿಂದ ಆಗಲ್ಲ."

ಸೆಪ್ಟೆಂಬರ್ ಮೊದಲ ವಾರ ಮೇಷ್ಟ್ರಿಗೆ ಕಫ ಕಟ್ಟಿ ಜ್ವರ ಬಂತು. ಹತ್ತು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಯಾಮಿನಿ ರಜದ ದಿನವೂ ಹೋಗಿ ಗಂಜಿ ಕುಡಿಸಿದಳು, ನಂಜುಂಡೇಶ್ವರನಿಗೆ ಹರಕೆ ಹೊತ್ತಳು, ಡಾಕ್ಟರ್ ಕೊಟ್ಟ ಆಂಟಿಬಯಾಟಿಕ್ಕನ್ನೂ ಹೊತ್ತು ತಪ್ಪದೆ ಕೊಟ್ಟಳು. ಜ್ವರ ಇಳಿಯಿತು. ಕೈ ಮಾತ್ರ ಒಂದೇ ಸಮನೆ ನಡುಗುತ್ತ ಉಳಿಯಿತು. ಈ ಅಮಾವಾಸ್ಯೆ ತಪ್ಪಿದರೆ ಇನ್ನೊಂದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಚಂದ್ರಮೌಳಿಯವರ ಯೂಟ್ ಮುಂಬಾಗಿಲಿಗೇ ಬಂದು ನಿಂತಿತು. ಮಳೆಯ ಜಾಕೆಟ್ಟಿನ ಕೆಳಗೆ ಪಂಚೆ, ಕೈಯಲ್ಲಿ ತಾಮ್ರದ ಚೊಂಬು, ತಟ್ಟೆ, ಕರಿ ಎಳ್ಳಿನ ಪೊಟ್ಟಣ. ದರ್ಭೆಯನ್ನು ಊರಿನಿಂದ ತರುವಂತಿಲ್ಲ, ಇಲ್ಲಿನ ವಿಮಾನ ನಿಲ್ದಾಣದಲ್ಲಿ ಒಂದು ಒಣ ಹುಲ್ಲುಕಡ್ಡಿಯನ್ನೂ ಒಳಗೆ ಬಿಡುವುದಿಲ್ಲ. ಅದಕ್ಕೇ ಅವರು ಹಟ್ ನದಿಯ ದಂಡೆಯ ಹುಲ್ಲನ್ನೇ ಕೊಯ್ದು ಒಣಗಿಸಿ ಇಟ್ಟುಕೊಂಡಿದ್ದರು. ಡಯಾನ್ ಬಾಗಿಲು ತೆರೆದು, ಎಲ್ಲರ ಹಾಗೆ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟಳು. ರೂತ್ ಆಗಲೇ ಬಂದು ಗೋಡೆಗೆ ಒತ್ತಿಸಿಟ್ಟ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು.

ಚಂದ್ರಮೌಳಿ ಮೇಷ್ಟ್ರ ಬಲ ಹೆಗಲಿಗೆ ಒಂದು ಬಿಳಿ ಟವೆಲ್ಲು ಹಾಕಿದರು. ಅಂಗೈಯಲ್ಲಿ ಎಳ್ಳಿಟ್ಟು, ನೀರು ಹಾಕಿ, ಹೆಬ್ಬೆರಳು ತೋರುಬೆರಳಿನ ನಡುವಿನಿಂದ ತಟ್ಟೆಗೆ ಬಿಡಬೇಕೆಂದು ಇಂಗ್ಲಿಷಿನಲ್ಲಿ ಹೇಳಿಕೊಟ್ಟರು. ಮೇಷ್ಟ್ರು ಕೈಚಾಚಿದರು. ಕೈ ನಡುಗಿ ಎಳ್ಳೆಲ್ಲ ತೊಡೆಯ ಮೇಲೆ ಚೆಲ್ಲಿತು. ಎರಡನೇ ಸಲವೂ ಚೆಲ್ಲಿತು. ಯಾಮಿನಿ ತಟ್ಟನೆ ಮುಂದೆ ಬಂದಳು.

"ನೀನಲ್ಲಮ್ಮ" ಎಂದರು ಚಂದ್ರಮೌಳಿ ಕನ್ನಡದಲ್ಲಿ. ರೂತ್ ಕಡೆ ತಿರುಗಿ, "ನೀವು ಹಿಡ್ಕೋತೀರಾ?" ಎಂದರು.

"ನಾನು ಮಂತ್ರ ಹೇಳಲ್ಲ."

"ಹೇಳೋದು ನಿಮ್ಮ ತಂದೆ. ನೀವು ಕೈ ಮಾತ್ರ ಕೊಡಿ."

ರೂತ್ ಎದ್ದು ಬಂದು, ನೆಲದ ಮೇಲೆ ಮಂಡಿಯೂರಿ, ಅಪ್ಪನ ಅಂಗೈಯನ್ನು ಕೆಳಗಿನಿಂದ ತನ್ನ ಅಂಗೈಯಲ್ಲಿ ಹಿಡಿದಳು. ನಡುಕ ನಿಂತಿತು. ಅಪ್ಪ, ಅಜ್ಜ, ಮುತ್ತಜ್ಜ, ಗೊತ್ತಿದ್ದ ಹೆಸರುಗಳನ್ನು ಮೇಷ್ಟ್ರು ಹೇಳಿದರು, ಒಬ್ಬೊಬ್ಬರಿಗೆ ಮೂರು ಮೂರು ಸಲ ನೀರು ಬಿದ್ದಿತು.

"ತಾಯಿ ಹೆಸರು?"

"ಸುಖಿಯಾ."

ಒಂದನೇ ಸಲ ಸರಿಯಾಗಿ ಹೇಳಿದರು. ಎರಡನೇ ಸಲ ದನಿ ನಡುಗಿತು. ಮೂರನೇ ಸಲ ಹೆಸರು ಹೊರಡಲೇ ಇಲ್ಲ, ನೀರು ಮಾತ್ರ ಹೋಯಿತು. "ಸಾಕು, ಅವ್ರಿಗೆ ಸೇರತ್ತೆ" ಎಂದರು ಚಂದ್ರಮೌಳಿ, ಆ ಒರಟು ಮನುಷ್ಯನಿಂದ ಯಾಮಿನಿ ಎಂದೂ ಕೇಳಿರದ ಮೆಲುದನಿಯಲ್ಲಿ. ಯಾಮಿನಿ ಮೂಲೆಯಲ್ಲಿ ನಿಂತು ಸಮವಸ್ತ್ರದ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅವಳಿಗೆ ಅಷ್ಟು ಸಂತೋಷವಾಗಿತ್ತು. ಅಜ್ಜಿಯ ಹೆಸರೂ ಆಯಿತು, ಹಡಗು ಹತ್ತಿದ ಮುತ್ತಜ್ಜಿ ಜಸೋದಾಳದೂ ಆಯಿತು. ಇನ್ನು ಮುಗಿಯಿತು ಎಂದುಕೊಂಡಳು.

ಚಂದ್ರಮೌಳಿ ತಲೆಯೆತ್ತದೆ, "ಹೆಂಡತಿ ಹೆಸರು?" ಎಂದರು.

ರೂತ್ ಬೆಚ್ಚಿ ನೋಡಿದಳು. "ಅದ್ಯಾಕೆ? ನಮ್ಮಮ್ಮ ಹಿಂದೂ ಅಲ್ಲ."

"ಈ ಪಟ್ಟಿ ನಾನು ಮಾಡಿದ್ದಲ್ಲಮ್ಮ. ಅಮ್ಮ, ಅಜ್ಜಿ, ಮುತ್ತಜ್ಜಿ ಆದ್ಮೇಲೆ ಹೆಂಡತಿ ಬರ್ತಾಳೆ, ಮೊದಲಿಂದ ಹಾಗೇ ಇದೆ. ನಿಮಗೆ ಬೇಡ ಅಂದ್ರೆ ಬಿಟ್ಟು ಮುಂದಕ್ಕೆ ಹೋಗ್ತೀನಿ."

ಮೇಷ್ಟ್ರು ಮಗಳ ಮುಖವನ್ನೇ ನೋಡುತ್ತ ಕೂತರು. ತರ್ಪಣದಲ್ಲಿ ಹೆಂಡತಿಗೂ ಪಾಲಿದೆಯೆಂದು ಯಾಮಿನಿಗೂ ಗೊತ್ತಿರಲಿಲ್ಲ, ಅವಳ ಮನೆಯಲ್ಲಿ ಹೆಂಗಸರು ಆ ಹೊತ್ತಿಗೆ ಅಡುಗೆಮನೆಯಲ್ಲಿ ವಡೆ ಕರಿಯುತ್ತಿರುತ್ತಿದ್ದರು. ಹಜಾರದಲ್ಲಿ ಯಾರೋ ಟಿವಿ ಹಾಕಿದ್ದರು. ರೂತ್ ಅಪ್ಪನ ಅಂಗೈಯಲ್ಲಿ ಉಳಿದಿದ್ದ ಎರಡು ಎಳ್ಳುಕಾಳು ನೋಡಿದಳು.

"ಎವೆಲಿನ್" ಎಂದಳು. "ಎವೆಲಿನ್ ಮಾರ್ಗರೆಟ್."

ಚಂದ್ರಮೌಳಿ ಮಂತ್ರ ಹೇಳಿದರು. ಕಾಶ್ಯಪ ಗೋತ್ರದ ಹಿಂದೆ ಎವೆಲಿನ್ ಮಾರ್ಗರೆಟ್ ಎಂಬ ಹೆಸರು ಬಂದು ಕೂತಿತು. ಎಳ್ಳನ್ನು ಪೊಟ್ಟಣದಿಂದ ತೆಗೆದು ಅಪ್ಪನ ಕೈಗೆ ಹಾಕಿದವಳು ರೂತ್. ನೀರು ಹಾಕಿದವಳೂ ಅವಳೇ. ಅದು ಸುಖಿಯಾಳ ನೀರು ಬಿದ್ದ ತಟ್ಟೆಗೇ ಬಿದ್ದಿತು.

"ಆಯ್ತು. ಹೆಂಡತಿಗೆ ಒಂದು ಸಲ ಸಾಕು" ಎಂದು ಚಂದ್ರಮೌಳಿ ಚೊಂಬಿಗೆ ಕೈ ಹಾಕಿದರು.

ರೂತ್ ಚೊಂಬು ಬಿಡಲಿಲ್ಲ. "ಅವರಮ್ಮನಿಗೆ ಮೂರು ಸಲ ಬಿಟ್ರಿ" ಎಂದಳು. "ನಮ್ಮಮ್ಮನಿಗೂ ಮೂರು ಸಲ."

ಚಂದ್ರಮೌಳಿ ಯಾಮಿನಿಯ ಕಡೆ ನೋಡಿದರು, ಮೇಷ್ಟ್ರ ಕಡೆ ನೋಡಿದರು, ಆಮೇಲೆ ಪಂಚೆ ಸರಿಮಾಡಿಕೊಂಡು ಮತ್ತೆ ನೇರವಾಗಿ ಕೂತು ಆ ಹೆಸರನ್ನು ಇನ್ನೂ ಎರಡು ಸಲ ಹೇಳಿದರು. ಎರಡು ಸಲವೂ ರೂತ್ ಅವರ ಜೊತೆಗೇ ಹೇಳಿದಳು.